ನಮ್ಮನೆಯವಳ ಭೂತಗನ್ನಡಿ

ನಮ್ಮ ಮನೆಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಅಂಗಡಿಯಿಂದ ಒಂದು ಪೊಟ್ಟಣ ಬಂತು ಅಂದರೆ ಅದು ನೇರವಾಗಿ ಅಡುಗೆಮನೆಗೆ ಹೋಗುವಂತಿಲ್ಲ. ಮೊದಲು ಹಾಲ್‌ನ ಕಿಟಕಿ ಪಕ್ಕ, ಬೆಳಕಿಗೆ. ಅಲ್ಲಿ ಅದನ್ನು ತಿರುಗಿಸಿ, ಮಗುಚಿ, ಮಡಿಕೆ ಬಿಡಿಸಿ, ಅಂಟಿಸಿದ ಜಾಗವನ್ನು ಉಗುರಿನಿಂದ ಎಬ್ಬಿಸಿ ವಿಚಾರಣೆ ನಡೆಯುತ್ತದೆ. ವಿಚಾರಣೆ ನಡೆಸುವವಳು ನನ್ನ ಹೆಂಡತಿ. ಪೊಲೀಸರಾದರೂ ಒಮ್ಮೊಮ್ಮೆ ಕೈಬಿಟ್ಟಾರು, ಇವಳು ಬಿಡುವವಳಲ್ಲ.

ಇದು ಶುರುವಾದದ್ದು ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ. ಪೊಟ್ಟಣಗಳ ಮೇಲೆ ಹಸಿರು ಚುಕ್ಕೆ ಕಾಣಿಸಿಕೊಳ್ಳಲು ಆರಂಭವಾಗಿದ್ದ ಕಾಲ. ನಾನು ಒಂದು ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಕೆಲಸ ಮಾಡಿ ರಿಟೈರ್ ಆಗಿ, ಬನಶಂಕರಿ ಸೆಕೆಂಡ್ ಸ್ಟೇಜಿನ ನಮ್ಮ ಪುಟ್ಟ ಮನೆಯಲ್ಲಿ ಕಾಲು ಚಾಚಿ ಕೂತಿದ್ದೆ. ಜಯನಗರದ ಡಾಕ್ಟರು ಒಂದು ರಿಪೋರ್ಟ್ ನೋಡಿ, "ಶುಗರ್ ಬಾರ್ಡರ್ ದಾಟಿದೆ. ಮೂರು ತಿಂಗಳು ಊಟದಲ್ಲಿ ಕಂಟ್ರೋಲ್ ಮಾಡಿ. ಇಳಿದ್ರೆ ಸರಿ, ಇಲ್ಲಾಂದ್ರೆ ಮಾತ್ರೆ ಶುರು," ಅಂದರು. ನಾನು ತಲೆಯಾಡಿಸಿದೆ. ಪಕ್ಕದಲ್ಲಿ ಕೂತಿದ್ದ ಇವಳ ಮುಖ ಬಿಳುಚಿಕೊಂಡಿತ್ತು.

ಅದಕ್ಕೆ ಕಾರಣವಿತ್ತು. ಇವಳ ಅಪ್ಪನಿಗೆ ಇದೇ ಕಾಯಿಲೆಯಲ್ಲಿ ಮೊದಲು ಕಾಲಿನ ಬೆರಳು ಹೋಯಿತು, ಆಮೇಲೆ ಪಾದ, ಕೊನೆಗೆ ಕಣ್ಣು. ಕಣ್ಣು ಮಂಜಾಗುತ್ತಾ ಬಂದಾಗ ಅವರು ಪೇಪರ್ ಓದಲು ಇಟ್ಟುಕೊಂಡಿದ್ದ ಹಿತ್ತಾಳೆ ಹಿಡಿಯ ಭೂತಗನ್ನಡಿ ನಮ್ಮ ಬೀರುವಿನಲ್ಲಿತ್ತು. ಅವತ್ತು ಮನೆಗೆ ಬಂದವಳೇ ಇವಳು ಅದನ್ನು ಹೊರಗೆ ತೆಗೆದು ಸೆರಗಿನಲ್ಲಿ ಒರೆಸಿದಳು. "ನಿಮ್ಮನ್ನ ಹಾಗೆ ನೋಡೋ ಶಕ್ತಿ ನಂಗಿಲ್ಲ ರೀ," ಅಂದಳು. ಆ ಮಾತಿಗೆ ನಾನು ಜೋಕು ಮಾಡಲಿಲ್ಲ.

ಅಂದಿನಿಂದ ಮನೆಯಲ್ಲಿ ಎರಡು ಕಾನೂನು. ಅನುಮಾನ ಬಂದ ಯಾವ ಪದಾರ್ಥವೂ ನನ್ನ ಹೊಟ್ಟೆಗೆ ಹೋಗಬಾರದು. ದುಡ್ಡು ಕೊಟ್ಟು ತಂದ ಯಾವ ಪದಾರ್ಥವೂ ಕಸದ ಬುಟ್ಟಿಗೆ ಹೋಗಬಾರದು. ರಿಟೈರ್ ಆದವರ ಮನೆ, ಕೈಗೆ ಬರುವುದು ಅಳತೆಯ ಹಣ, ಹಾಗಾಗಿ ಎರಡನೆಯದೂ ಮೊದಲನೆಯದರಷ್ಟೇ ಬಿಗಿ. ಬೇರೆ ಬೇರೆಯಾಗಿ ನೋಡಿದರೆ ಎರಡೂ ಒಳ್ಳೆಯ ಕಾನೂನುಗಳೇ.

ಬಣ್ಣ ಕೇಳಿದವರಿಗೆ ಬಣ್ಣ

ಮೊದಲು ಸಿಕ್ಕಿಬಿದ್ದದ್ದು ಬ್ರೆಡ್ಡು. ಬಿಳಿ ಬ್ರೆಡ್ಡು ಬೇಡ, ಬ್ರೌನ್ ಬ್ರೆಡ್ ತಿನ್ನಿ ಅಂತ ಡಾಕ್ಟರು ಹೇಳಿದ್ದರು. ನಮ್ಮ ಬಸ್‌ಸ್ಟಾಪಿನ ಎದುರಿನ ಬೇಕರಿಯಿಂದ ಇವಳು ಒಂದು ಪೌಂಡ್ ತಂದಳು. ಒಳ್ಳೆಯ ಕಂದು ಬಣ್ಣ, ನೋಡಿದರೇ ಆರೋಗ್ಯ ಬಂದ ಹಾಗಿತ್ತು. ಎರಡು ತುಂಡು ಕಾಯಿಸಿ ನನ್ನ ತಟ್ಟೆಗೆ ಹಾಕಿದಳು. ನಾನು ಕಚ್ಚಬೇಕು, ಅಷ್ಟರಲ್ಲಿ ಭೂತಗನ್ನಡಿ ಹಿಡಿದು ಕವರ್ ಓದುತ್ತಿದ್ದವಳು, "ತಿನ್ಬೇಡಿ!" ಅಂತ ಕೂಗಿದಳು. ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

ಯಾವ ಪದಾರ್ಥ ಹೆಚ್ಚು ಹಾಕಿರುತ್ತಾರೋ ಅದನ್ನೇ ಪಟ್ಟಿಯಲ್ಲಿ ಮೊದಲು ಬರೆದಿರುತ್ತಾರೆ ಅಂತ ಇವಳು ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದಳು. ಈ ಪಟ್ಟಿಯಲ್ಲಿ ಮೊದಲು ಮೈದಾ. ಆಮೇಲೆ ಸಕ್ಕರೆ. ಗೋಧಿಯ ಹೆಸರು ತೀರಾ ಕೊನೆಯಲ್ಲಿ, ಉಪ್ಪಿಗಿಂತ ಕೆಳಗೆ, ಕರೆಯದೆ ಬಂದ ನೆಂಟರ ಹಾಗೆ ಮೂಲೆಯಲ್ಲಿ ನಿಂತಿತ್ತು. ಬಣ್ಣಕ್ಕೆ ಅಂತ ಬೇರೆ ಏನೋ ಸೇರಿಸಿದ್ದರು.

ಕವರ್ ಸಮೇತ ಬ್ರೆಡ್ಡು ಹಿಡಿದು ಬೇಕರಿಗೆ ಹೊರಟಳು. ಸಾಕ್ಷಿಗೆ ನಾನು.

"ಏನ್ರೀ ಇದು? ಬ್ರೌನ್ ಬ್ರೆಡ್ ಅಂತ ಮೈದಾ ಕೊಟ್ಟಿದೀರಲ್ಲ?"

ಬೇಕರಿಯವನಿಗೆ ಗಲಿಬಿಲಿಯೇನೂ ಆಗಲಿಲ್ಲ. ಬನ್ನಿನ ಟ್ರೇ ಕೆಳಗಿಟ್ಟು ಶಾಂತವಾಗಿ ಹೇಳಿದ:

"ಮೇಡಂ, ನೀವು ಬ್ರೌನ್ ಕೇಳಿದ್ರಿ. ಬ್ರೌನ್ ಕೊಟ್ಟಿದೀನಿ. ಗೋಧಿ ಬೇಕು ಅಂತ ಎಲ್ಲಿ ಕೇಳಿದ್ರಿ?"

ಇವಳು ಬ್ರೆಡ್ಡು ವಾಪಸ್ ತಗೋ ಅಂದಳು. ತುಂಡು ತೆಗೆದ ಬ್ರೆಡ್ಡು ಯಾರು ತಗೋತಾರೆ ಮೇಡಂ, ಅಂದ. ಕಂಕುಳಲ್ಲಿ ಬ್ರೆಡ್ಡು ಇಟ್ಟುಕೊಂಡು ಬಿರಬಿರನೆ ಮನೆ ಕಡೆ ನಡೆದಳು. ದಾರಿಯಲ್ಲಿ ನನ್ನ ಮೇಲೆ ಸಿಟ್ಟು: "ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ರಂತೆ. ಬಾಯಿ ತೆಗೆಯೋದು ಬಿಟ್ಟು ಇನ್ನೇನು ಮಾಡಿದ್ರಿ ಇವತ್ತು?"

ಗಿರಣಿಯಲ್ಲಿ ಕುಲಗೋತ್ರ

ಇನ್ನು ಪೊಟ್ಟಣದ ಹಿಟ್ಟಿನ ಸಹವಾಸವೇ ಬೇಡ, ಗೋಧಿ, ರಾಗಿ, ಕಡಲೆ, ಮೆಂತ್ಯ ತಂದು ತಾನೇ ಹಿಟ್ಟು ಮಾಡಿಸುತ್ತೇನೆ ಅಂತ ಇವಳು ತೀರ್ಮಾನ ಮಾಡಿದಳು. ಅಗ್ಗವೂ ಹೌದು, ನಂಬಿಕೆಯೂ ಹೌದು. ಕಾಳು ಆರಿಸಿ, ಒಣಗಿಸಿ, ಸ್ಟೀಲ್ ಡಬ್ಬಿಗೆ ತುಂಬಿ ಯಾರಬ್ ನಗರದ ಕಡೆಯ ಹಿಟ್ಟಿನ ಗಿರಣಿಗೆ ಹೋದೆವು.

ಗಿರಣಿಯ ಬಾಗಿಲಲ್ಲಿ ಹೊಸ ಅನುಮಾನ. ಹಿಂದಿನವರ ಹಿಟ್ಟು ಸ್ವಲ್ಪ ಯಂತ್ರದೊಳಗೆ ಉಳಿದಿರುತ್ತದೆ, ಅದು ಮುಂದಿನವರ ಡಬ್ಬಿಗೆ ಬೀಳುತ್ತದೆ. ಇದು ಎಲ್ಲ ಗೃಹಿಣಿಯರಿಗೂ ಗೊತ್ತಿರುವ ವಿಷಯ. ಅದಕ್ಕೇ ಮೆಣಸಿನಕಾಯಿ ಬೀಸಿದವರ ಹಿಂದೆ ಯಾರೂ ನಿಲ್ಲುವುದಿಲ್ಲ. ಇವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಶುಗರ್ ಇರುವ ಮನೆಯವರ ಹಿಂದೆಯೇ ನಿಂತರೆ ಅವರ ಹಿಟ್ಟು ಬೆರೆತರೂ ಚಿಂತೆಯಿಲ್ಲ ಅಂತ ಇವಳ ಲೆಕ್ಕ. ಸಾಲಿನಲ್ಲಿ ನಮ್ಮ ಸರದಿ ಬಂದರೂ, "ನೀವು ಹೋಗಿ, ನೀವು ಹೋಗಿ," ಅಂತ ಎಲ್ಲರನ್ನೂ ಮುಂದಕ್ಕೆ ಬಿಡುತ್ತಿದ್ದಳು. ಕೊನೆಗೆ ಒಬ್ಬ ಹೆಂಗಸು ದೊಡ್ಡ ಡಬ್ಬಿ ಹಿಡಿದು ಬಂದರು. ಕಿವಿಯಲ್ಲಿ ಹರಳಿನ ಓಲೆ, ಗಂಭೀರ ಮುಖ. ಇವಳು ಹತ್ತಿರ ಸರಿದು ಮೆಲ್ಲಗೆ ಕೇಳಿದಳು:

"ತಪ್ಪು ತಿಳ್ಕೋಬೇಡಿ, ನಿಮ್ಮನೇಲಿ ಯಾರಿಗಾದ್ರೂ ಶುಗರ್ ಇದೆಯಾ?"

ಆಕೆ ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆಮೇಲೆ ಮುಖ ಅರಳಿತು.

"ಛೆ ಛೆ! ನಮ್ಮಲ್ಲಿ ಯಾರಿಗೂ ಇಲ್ಲ ಕಣ್ರೀ. ನಮ್ಮತ್ತೆಯೋರಿಗೂ ಇಲ್ಲ, ನಮ್ಮ ತಾಯಿ ಕಡೇನೂ ಇಲ್ಲ. ಬಿ.ಪಿ. ಕೂಡ ಇಲ್ಲ. ಹುಡುಗಿ ಬಿ.ಕಾಂ. ಮಾಡಿದಾಳೆ, ಸಂಗೀತ ಕಲ್ತಿದಾಳೆ. ಯಾರು ಹೇಳಿ ಕಳಿಸಿದ್ರು ನಿಮ್ಮನ್ನ?"

ನಮಗಿರುವುದು ಒಬ್ಬಳೇ ಮಗಳು, ಅವಳು ಮದುವೆಯಾಗಿ ಶಿವಮೊಗ್ಗದಲ್ಲಿದ್ದಾಳೆ ಅಂತ ಹೇಳುವಷ್ಟರಲ್ಲಿ ಗಿರಣಿ ಶುರುವಾಗಿ ಆ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳಲಿಲ್ಲ. ಆಕೆ ನಮ್ಮ ಮನೆ ಎಲ್ಲಿ ಅಂತ ಗಿರಣಿಯವನನ್ನು ಕೇಳಿ ತಿಳಿದುಕೊಂಡಿದ್ದಾರೆ. ಭಾನುವಾರ ಬೆಳಿಗ್ಗೆ ಹುಡುಗಿಯ ತಂದೆಯೇ ಬಂದು ಜಾತಕ ಕೊಟ್ಟು ಹೋದರು. ನಾನು ಸ್ನಾನಕ್ಕೆ ಹೋಗಿದ್ದೆ. ಹೊರಗೆ ಬಂದು ನೋಡಿದರೆ ಇವಳು ಕಿಟಕಿ ಪಕ್ಕ ಕೂತು ಅಭ್ಯಾಸಬಲದಿಂದ ಜಾತಕದ ಮೇಲೂ ಭೂತಗನ್ನಡಿ ಆಡಿಸುತ್ತಿದ್ದಳು.

"ತಯಾರಾದ ದಿನಾಂಕ ಸರಿಯಾಗಿ ಹಾಕಿದಾರೆ ರೀ," ಅಂದಳು. "ಮಿಕ್ಕಿದ್ದು ಯಾವುದೂ ನಂಬೋ ಹಾಗಿಲ್ಲ."

ತಂಪು ಅಂಗಡಿಯ ಮರ್ಯಾದೆ

ಜಯನಗರದ ಕಡೆ ಹೊಸದಾಗಿ ಏ.ಸಿ. ಹಾಕಿದ ದೊಡ್ಡ ಅಂಗಡಿಯೊಂದು ತೆರೆದಿತ್ತು. ಬುಟ್ಟಿ ಹಿಡಿದು ನಾವೇ ಆರಿಸಿಕೊಳ್ಳಬಹುದು ಅಂತ ಸುದ್ದಿ. ಅಷ್ಟು ಕೇಳಿದ್ದೇ ತಡ, ಇವಳಿಗೆ ಸಂತೆಗೆ ಹೋದಷ್ಟು ಉತ್ಸಾಹ. ನಮ್ಮ ರಸ್ತೆಯ ದಿನಸಿ ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ಓದಲು ಶುರು ಮಾಡಿದರೆ ಅಂಗಡಿಯವನು, "ಅಮ್ಮಾ, ಮನೇಗೆ ತಗೊಂಡೋಗಿ ಓದ್ಕೊಳ್ಳಿ, ಲೈಬ್ರರಿ ಅಲ್ಲ ಇದು," ಅನ್ನುತ್ತಿದ್ದ. ಇಲ್ಲಿ ಕೇಳುವವರಿಲ್ಲ.

ಒಳಗೆ ಹೋದವಳು ಭೂತಗನ್ನಡಿ ತೆಗೆದಳು. ಓಟ್ಸ್ ನೋಡಿದಳು, ಇಟ್ಟಳು. ಕಡಲೆಕಾಯಿ ಎಣ್ಣೆಯ ಮೇಲೆ 'ಕೊಲೆಸ್ಟರಾಲ್ ಇಲ್ಲ' ಅಂತ ದೊಡ್ಡದಾಗಿ ಬರೆದಿತ್ತು. "ಕಡಲೆಕಾಯಲ್ಲಿ ಕೊಲೆಸ್ಟರಾಲ್ ಯಾವತ್ತಿತ್ತು? ತೆಂಗಿನಕಾಯಿ ಮೇಲೆ ಮೂಳೆ ಇಲ್ಲ ಅಂತ ಬರೆದ ಹಾಗಾಯ್ತು," ಅಂತ ಜೋರಾಗಿಯೇ ಹೇಳಿದಳು. ಪಕ್ಕದಲ್ಲಿದ್ದ ಇಬ್ಬರು ಗಿರಾಕಿಗಳು ಎಣ್ಣೆಯನ್ನು ಮೆಲ್ಲಗೆ ವಾಪಸ್ ಇಟ್ಟರು. ಅಷ್ಟರಲ್ಲಿ ಒಬ್ಬ ಸೆಕ್ಯೂರಿಟಿಯವನು ನಮ್ಮ ಹಿಂದೆ ಬೀಳಲು ಶುರು ಮಾಡಿದ್ದ. ನಾವು ಬೇಳೆ ಕಡೆ ಹೋದರೆ ಅವನು ಬೇಳೆ ಕಡೆ. ನಾವು ಸೋಪಿನ ಕಡೆ ಹೋದರೆ ಅವನು ಸೋಪಿನ ಕಡೆ.

"ನಮ್ಮ ಮೇಲೆ ಅನುಮಾನ ಕಣೇ, ಹೋಗೋಣ," ಅಂದೆ.

"ಅವನಿಗೆ ನಮ್ಮ ಮೇಲೆ ಅನುಮಾನ ಇರ್ಲಿ ಬಿಡಿ. ನಂಗೆ ಇಡೀ ಅಂಗಡಿ ಮೇಲೇ ಅನುಮಾನ," ಅಂದಳು.

ಟೈ ಕಟ್ಟಿದ ಮ್ಯಾನೇಜರು ಓಡಿ ಬಂದ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಇವಳ ಮುಂದೆ ಕೈ ಮುಗಿದು, "ಮೇಡಂ, ಮೊದಲೇ ಹೇಳಿದ್ರೆ ನಾವೇ ತೋರಿಸ್ತಿದ್ವಲ್ಲ. ಬನ್ನಿ, ಒಳಗೆ ಕೂತ್ಕೊಳ್ಳಿ. ಹಳೇ ಸ್ಟಾಕ್ ಎಲ್ಲಾ ನಿನ್ನೇನೇ ತೆಗೆಸಿಬಿಟ್ಟಿದೀವಿ," ಅಂದ. ಭೂತಗನ್ನಡಿ ನೋಡಿ ಅವನಿಗೆ ಇವಳು ಕಾರ್ಪೊರೇಶನ್ನಿನ ಆರೋಗ್ಯ ಇಲಾಖೆಯವಳು ಅನ್ನಿಸಿಬಿಟ್ಟಿತ್ತು. ಇಲ್ಲಪ್ಪಾ, ನಾವು ಗಿರಾಕಿಗಳು ಅಂತ ನಾನೆಷ್ಟು ಹೇಳಿದರೂ, "ಗೊತ್ತಾಯ್ತು ಸಾರ್, ಗೊತ್ತಾಯ್ತು," ಅಂತ ಕಣ್ಣು ಮಿಟುಕಿಸಿದ. ಹೋಗುವಾಗ 'ಸಕ್ಕರೆ ಸೇರಿಸಿಲ್ಲ' ಅಂತ ಬರೆದ ಹಣ್ಣಿನ ರಸದ ಡಬ್ಬಗಳನ್ನು ಒಂದು ದೊಡ್ಡ ಚೀಲದ ತುಂಬ ಕೊಟ್ಟು ಆಟೋವರೆಗೂ ಹೊತ್ತು ತಂದು ಕೂರಿಸಿದ.

ಮನೆಗೆ ಬಂದು ಇವಳು ಹಿಂಬದಿಯ ಸಣ್ಣಕ್ಷರ ಓದಿದಳು. ಮುಂದೆ ಸೇರಿಸಿಲ್ಲ ಅಂತ ಇದ್ದ ಸಕ್ಕರೆ ಹಿಂದೆ ಧಾರಾಳವಾಗಿತ್ತು. ಸೇರಿಸದೆಯೂ ಹಣ್ಣಿನ ರಸದಲ್ಲಿ ಅಷ್ಟು ಇರುತ್ತದಂತೆ. "ನಿಮಗೆ ಇದು ವಿಷ," ಅಂತ ಚೀಲವನ್ನು ಅಡುಗೆಮನೆಯ ಮೇಲಿನ ಶೆಲ್ಫಿಗೆ ಎತ್ತಿಟ್ಟಳು. ಅವತ್ತು ಆ ತಂಪು ಅಂಗಡಿಯಲ್ಲಿ ನಾವು ದುಡ್ಡು ಕೊಟ್ಟು ತಂದದ್ದು ಒಂದು ಉಪ್ಪಿನ ಪ್ಯಾಕೆಟ್ ಮಾತ್ರ, ಅದರ ದುಡ್ಡನ್ನೂ ಅವನು ಬೇಡ ಬೇಡ ಅನ್ನುತ್ತಿದ್ದ.

ಚೌಚೌಬಾತ್ ಪ್ರಕರಣ

ಪೊಟ್ಟಣಗಳ ಮೇಲೆ ಬಂದ ಅನುಮಾನ ಮನುಷ್ಯರ ಮೇಲೆ ಬರಲು ಎಷ್ಟು ಹೊತ್ತು? ನಾನು ಬೆಳಿಗ್ಗೆ ವಾಕಿಂಗ್ ಮುಗಿಸಿ ಗೆಳೆಯರ ಜೊತೆ ಒಂದು ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಸಕ್ಕರೆಯಿಲ್ಲದ ಕಾಫಿ. ಇದನ್ನು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ. ಗೆಳೆಯರು ಎದುರಿಗೇ ನಿಂತು ತುಪ್ಪ ಸುರಿಯುವ ಕೇಸರಿಬಾತ್ ತಿನ್ನುತ್ತಿದ್ದರು. ನಾನು ರಸ್ತೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ.

ಒಂದು ದಿನ ಹಸಿವು ತಡೆಯದೆ ಖಾರಾಬಾತ್ ತಿಂದೆ. ಮನೆಗೆ ಬಂದ ಕೂಡಲೇ ಇವಳು ನನ್ನ ಅಂಗಿಯ ತೋಳು ಮೂಸಿದಳು.

"ತುಪ್ಪದ ವಾಸನೆ."

"ಖಾರಾಬಾತ್ ತಿಂದೆ ಕಣೇ."

"ಬರೀ ಖಾರಾಬಾತಾ? ಚೌಚೌಬಾತ್ ತಗೊಂಡಿರ್ತೀರಿ. ಒಂದೇ ತಟ್ಟೇಲಿ ಆ ಕಡೆ ಖಾರ, ಈ ಕಡೆ ಕೇಸರಿ. ನಂಗೇನು ಗೊತ್ತಿಲ್ವಾ?"

ಮಾರನೇ ದಿನ ನನ್ನ ಜೊತೆ ತಾನೂ ಹೊರಟಳು. ದರ್ಶಿನಿಯ ಕ್ಯಾಷಿಯರ್ ಮುಂದೆ ನನ್ನನ್ನು ನಿಲ್ಲಿಸಿ, "ಇವರು ದಿನಾ ಏನು ತಗೋತಾರೆ, ನಿಜ ಹೇಳಿ," ಅಂದಳು. ಹಿಂದೆ ಟೋಕನ್ನಿಗೆ ನಿಂತ ಜನ ಕಿವಿ ನೆಟ್ಟಗೆ ಮಾಡಿಕೊಂಡರು.

ಕ್ಯಾಷಿಯರ್ ನಕ್ಕು ಹೇಳಿದ: "ಅಂಕಲ್ಲಾ? ಪಾಪ ಮೇಡಂ, ಒಂದು ಕಾಫಿ ತಗೊಂಡು ಆ ಕಂಬದ ಹತ್ರ ನಿಂತಿರ್ತಾರೆ. ಸಕ್ಕರೆ ಹಾಕಿಲ್ಲ ತಾನೇ, ಹಾಕಿಲ್ಲ ತಾನೇ ಅಂತ ನಮ್ಮ ಕಾಫಿಯೋನ ಪ್ರಾಣ ತಿಂತಾರೆ. ನಿನ್ನೆ ಖಾರಾಬಾತ್ ತಿಂದ್ರು, ಅದರಲ್ಲಿದ್ದ ಗೋಡಂಬೀನೂ ಪಕ್ಕಕ್ಕೆ ಇಟ್ರು."

ಇಂಥ ಸಾಕ್ಷಿ ಯಾವ ಕೋರ್ಟಿನಲ್ಲಿ ಸಿಗುತ್ತದೆ! ನಾನು ಎದೆಯುಬ್ಬಿಸಿ ಇವಳ ಕಡೆ ನೋಡಿದೆ. ಇವಳು ಕಣ್ಣು ಕಿರಿದು ಮಾಡಿ ಒಮ್ಮೆ ಅವನನ್ನೂ ಒಮ್ಮೆ ನನ್ನನ್ನೂ ನೋಡಿ, ಹೊರಗೆ ಬಂದ ಮೇಲೆ ಹೇಳಿದಳು:

"ಇಷ್ಟು ಚೆನ್ನಾಗಿ ಒಪ್ಪಿಸ್ತಾನೆ ಅಂದ್ರೆ, ನೀವು ಮೊದಲೇ ಹೇಳಿಕೊಟ್ಟಿರ್ತೀರಿ."

ನಂಬಿಕಿ ಇದ್ರ ತಿನ್ರಿ

ನಮ್ಮ ಮನೆಯ ಮೇಲಿನ ರೂಮಿನಲ್ಲಿ ಬಾಗಲಕೋಟೆ ಕಡೆಯ ಹುಡುಗನೊಬ್ಬ ಬಾಡಿಗೆಗಿದ್ದ. ಬಿ.ಟಿ.ಎಂ. ಲೇಔಟಿನ ಆಫೀಸಿನಲ್ಲಿ ಕೆಲಸ. ಒಳ್ಳೆಯವನು. ಭೂತಗನ್ನಡಿಯ ವಿದ್ಯೆಗೆ ಇವಳಿಗೆ ಸಿಕ್ಕ ಒಬ್ಬನೇ ಶಿಷ್ಯ. "ನೋಡಪ್ಪಾ, ಮುಂದೆ ಬರೆದಿದ್ದು ಅವರು ಹೇಳ್ಕೊಳ್ಳೋದು, ಹಿಂದೆ ಬರೆದಿದ್ದು ನಿಜ," ಅಂತ ಮೆಟ್ಟಿಲ ಮೇಲೆ ಕೂರಿಸಿ ಪಾಠ ಮಾಡುತ್ತಿದ್ದಳು. ಅವನು, "ಹೌದೇನ್ರೀ ಆಂಟಿ," ಅಂತ ಶ್ರದ್ಧೆಯಿಂದ ಕೇಳುತ್ತಿದ್ದ.

ಜೋಳದ ರೊಟ್ಟಿ ಶುಗರಿಗೆ ಒಳ್ಳೆಯದು ಅಂತ ಇವಳಿಗೆ ಗೊತ್ತಾಯಿತು. ಹುಡುಗನ ತಾಯಿ ಊರಿಂದ ಬಸ್ಸಿನಲ್ಲಿ ಒಣಗಿಸಿದ ಕಟಕಟಿ ರೊಟ್ಟಿಯ ಗಂಟು ಕಳಿಸುತ್ತಿದ್ದರು. ಅದರಲ್ಲಿ ನಮಗೂ ಪಾಲು ಕೊಟ್ಟ. ಇವಳು ಗಂಟು ಬಿಚ್ಚಿ ಬಟ್ಟೆಯ ನಾಲ್ಕೂ ಮೂಲೆ ಹುಡುಕಿದಳು.

"ಇದಕ್ಕೆ ಲೇಬಲ್ಲೇ ಇಲ್ವಲ್ಲಪ್ಪಾ?"

"ಲೇಬಲ್ ಯಾಕ್ರೀ ಆಂಟಿ? ನಮ್ಮವ್ವ ಮಾಡ್ಯಾಳ್ರಿ."

"ಅದು ಸರಿ. ಯಾವತ್ತು ಮಾಡಿದ್ದು? ಎಷ್ಟು ದಿನ ಇಡಬಹುದು? ಅಕ್ಕಿ ಹಿಟ್ಟು ಏನಾದ್ರೂ ಬೆರೆಸಿದಾರಾ? ಕೇಳಿ ಹೇಳು."

ಹುಡುಗ ಮುಗ್ಧ. ಎಸ್.ಟಿ.ಡಿ. ಬೂತಿಗೆ ಹೋಗಿ ತಾಯಿಗೆ ಇದನ್ನೆಲ್ಲಾ ಚಾಚೂ ತಪ್ಪದೆ ಕೇಳಿದ. ಅಲ್ಲಿಂದ ಏನು ಬೈಗುಳ ಬಂತೋ, ಅವನು ಹೇಳಲಿಲ್ಲ. ಮುಂದಿನ ಗಂಟು ಬಂದಾಗ ಅದರ ಮೇಲೆ ಒಂದು ಚೀಟಿ ಪಿನ್ನು ಮಾಡಿತ್ತು. ಯಾರ ಕೈಯಲ್ಲೋ ಬರೆಸಿದ್ದು: "ಮಾಡಿದಾಕಿ ನಾನು. ಜ್ವಾಳ ನಮ್ಮ ಹೊಲದ್ದು. ನಂಬಿಕಿ ಇದ್ರ ತಿನ್ರಿ, ಇಲ್ಲಂದ್ರ ಎಮ್ಮಿಗೆ ಹಾಕ್ರಿ."

ಇವಳು ಆ ಚೀಟಿಯನ್ನು ಭೂತಗನ್ನಡಿ ಇಲ್ಲದೆ ಓದಿದಳು. ನಕ್ಕಳು. ಆಮೇಲೆ ನನಗೆ ಎರಡು ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಗಂಟಿನ ಅಡಿಯಲ್ಲಿ ಶೇಂಗಾ ಹೋಳಿಗೆಗಳಿದ್ದವು, ಬೆಲ್ಲ ಹಾಕಿದ್ದು. ನಾನು ಕೈ ಚಾಚುವ ಮೊದಲೇ ಅವೂ ಮೇಲಿನ ಶೆಲ್ಫು ಸೇರಿದವು.

"ಯಾರಿಗೆ ಅದು?" ಅಂದೆ.

"ಎಮ್ಮಿಗೆ," ಅಂದಳು.

ಮೇಲಿನ ಶೆಲ್ಫು

ಕಾರ್ಖಾನೆಯಲ್ಲಿ ನಾವು ರಿಜೆಕ್ಟ್ ಮಾಡಿದ ಮಾಲಿಗೆ ಕೆಂಪು ಬಣ್ಣ ಹಚ್ಚಿ, ಬೇರೆ ಕೋಣೆಗೆ ಹಾಕಿ, ಬೀಗ ಜಡಿಯುತ್ತಿದ್ದೆವು. ಹಾಗೆ ಮಾಡದಿದ್ದರೆ ಅದು ಹೇಗೋ ತಿರುಗಿ ಲೈನಿಗೆ ಸೇರಿಬಿಡುತ್ತಿತ್ತು. ಹೊಸದಾಗಿ ಸೇರಿದವರಿಗೆ ನಾನು ಹೇಳಿಕೊಡುತ್ತಿದ್ದ ಮೊದಲ ಪಾಠ ಇದು. ನಮ್ಮ ಮನೆಯಲ್ಲಿ ರಿಜೆಕ್ಟ್ ಆದದ್ದು ಎಲ್ಲಿಗೆ ಹೋಗುತ್ತಿದೆ ಅಂತ ನಾನು ಒಂದು ದಿನವೂ ಕೇಳಲಿಲ್ಲ. 'ಶುಗರ್ ಇರುವವರಿಗಾಗಿ' ಅಂತ ಬರೆದ ಬಿಸ್ಕತ್ತು ಬಂತು, ಮೈದಾ ಇದೆ ಅಂತ ಮೇಲೆ ಹೋಯಿತು. ಜೇನಿನ ಕಾರ್ನ್‌ಫ್ಲೇಕ್ಸ್ ಬಂತು, ಮೇಲೆ ಹೋಯಿತು. ಮಾಲ್ಟ್ ಪುಡಿ ಬಂತು, ಮೇಲೆ ಹೋಯಿತು. ಶೆಲ್ಫು ಮಾತ್ರ ತುಂಬುತ್ತಿರಲಿಲ್ಲ. ಇಷ್ಟು ವರ್ಷ ಇನ್ಸ್‌ಪೆಕ್ಷನ್ ಮಾಡಿದವನಿಗೆ ಅದು ಹೊಳೆಯಬೇಡವೇ?

ಮೂರು ತಿಂಗಳಾಯಿತು. ರಕ್ತ ಪರೀಕ್ಷೆಯ ದಿನ ಬಂತು. ನಾವು ಹೋದ ಲ್ಯಾಬಿನ ಮುಂದೆ ಒಂದು ಬ್ಯಾನರ್: ಗಂಡ ಹೆಂಡತಿ ಇಬ್ಬರೂ ಬಂದರೆ ಒಬ್ಬರ ಪರೀಕ್ಷೆ ಉಚಿತ. ಇವಳು ಫುಟ್‌ಪಾತಿನಲ್ಲೇ ನಿಂತು ಭೂತಗನ್ನಡಿ ಹಿಡಿದು ಬ್ಯಾನರಿನ ಅಡಿಯ ಸಣ್ಣಕ್ಷರ ಓದಿದಳು. ಮೋಸವೇನೂ ಸಿಗಲಿಲ್ಲ.

"ನಂಗೇನೂ ಆಗಿಲ್ಲ," ಅಂದಳು. "ಆದ್ರೆ ಬಿಟ್ಟಿ ಅಂದ್ಮೇಲೆ ಬಿಡೋದ್ಯಾಕೆ?" ಅಂತ ಕೈ ಚಾಚಿ ಕೂತಳು.

ಸಂಜೆ ರಿಪೋರ್ಟ್ ಬಂತು. ನನ್ನದು ಇಳಿದಿತ್ತು. ಸುಮಾರಾಗಿ ಅಲ್ಲ, ಚೆನ್ನಾಗಿಯೇ ಇಳಿದಿತ್ತು. ಇವಳದು ಏರಿತ್ತು. ನನಗೆ ಮೊದಲು ಇದ್ದದ್ದಕ್ಕಿಂತಲೂ ಅದು ಮೇಲಿತ್ತು.

ಇವಳು ಕೌಂಟರಿನ ಹುಡುಗಿಯ ಮುಂದೆ ಎರಡೂ ಕಾಗದ ಹರಡಿದಳು. "ಅದಲು ಬದಲು ಮಾಡಿದೀರಿ. ಇದು ಇವರದು. ಕೇಸರಿಬಾತ್ ತಿಂದಿರೋದು ಇವರು."

"ಇಲ್ಲ ಮೇಡಂ, ಪ್ರತಿ ಬಾಟ್ಲಿಗೂ ಲೇಬಲ್ ಅಂಟಿಸಿರ್ತೀವಿ."

"ಲೇಬಲ್ ನಂಬೋಕಾಗುತ್ತೇನಮ್ಮಾ?"

ಮಾರನೇ ದಿನ ಮತ್ತೆ ಪರೀಕ್ಷೆ. ತನ್ನ ಬಾಟ್ಲಿಯ ಲೇಬಲನ್ನು ತಾನೇ ಬರೆದಳು, ತಾನೇ ಅಂಟಿಸಿದಳು, ಯಂತ್ರದವರೆಗೂ ಹಿಂದೆ ಹೋದಳು. ಫಲಿತಾಂಶ ಅದೇ ಬಂತು. ಆಗ ಇವಳು ರಿಪೋರ್ಟ್ ಮಡಚಿ ಚೀಲಕ್ಕೆ ಹಾಕಿಕೊಂಡಳು. ಆಟೋದಲ್ಲಿ ಡಾಕ್ಟರ ಹತ್ತಿರ ಹೋಗುವಾಗ ನನ್ನ ಕೈ ಹಿಡಿದುಕೊಂಡಿದ್ದಳು.

ಡಾಕ್ಟರು ರಿಪೋರ್ಟ್ ನೋಡಿ ಕೇಳಿದರು: "ಏನಮ್ಮಾ, ಸಿಹಿ ಜಾಸ್ತಿ ತಿಂತೀರಾ?"

"ದೇವರಾಣೆ ಇಲ್ಲ ಡಾಕ್ಟ್ರೇ. ಇವರು ತಿನ್ನಲ್ಲ ಅಂತ ನಾನೂ ಬಿಟ್ಟಿದೀನಿ. ಕಾಫಿಗೂ ಸಕ್ಕರೆ ಹಾಕಲ್ಲ. ಹಬ್ಬದಲ್ಲೂ ಪಾಯಸ ಮಾಡಿಲ್ಲ."

"ಮತ್ತೆ ಏನು ತಿಂತೀರಿ?"

"ನಾನೇನ್ ತಿಂತೀನಿ? ಇವರಿಗೆ ಮಾಡಿದ್ದೇ ನನಗೂ. ಆಮೇಲೆ ಮಿಕ್ಕಿದ್ದು ಏನಾದ್ರೂ ಇದ್ರೆ, ಅಷ್ಟೇ."

"ಮಿಕ್ಕಿದ್ದು ಅಂದ್ರೆ?"

"ಇವರಿಗೆ ಆಗಲ್ಲ ಅಂತ ತೆಗೆದಿಟ್ಟಿದ್ದು ಡಾಕ್ಟ್ರೇ. ಒಂದಿಷ್ಟು ಬ್ರೆಡ್ಡು. ಜ್ಯೂಸ್ ಡಬ್ಬ. ಬಿಸ್ಕತ್ತು. ಜೇನಿಂದು ಕಾರ್ನ್‌ಫ್ಲೇಕ್ಸು. ಮಾಲ್ಟು. ಶೇಂಗಾ ಹೋಳಿಗೆ. ಕೆಲವು ದುಡ್ಡು ಕೊಟ್ಟು ತಂದಿರೋದು, ಕೆಲವು ಯಾರೋ ಕೊಟ್ಟಿರೋದು, ಎಸೆಯೋಕಾಗುತ್ತಾ? ಅಂಗಡಿಯೋನು ವಾಪಸ್ ತಗೊಳಲ್ಲ. ಇವರ ಕಣ್ಣಿಗೆ ಬಿದ್ರೆ ಇವರು ತಿಂದ್ಬಿಡ್ತಾರೆ. ಅದಕ್ಕೇ ಮಧ್ಯಾಹ್ನ ಇವರು ಮಲಗಿದಾಗ ಬೇಗ ಬೇಗ ಖಾಲಿ ಮಾಡ್ತಿದ್ದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಅವರ ತುಟಿ ಕುಣಿಯುತ್ತಿತ್ತು. ನನಗೂ ನಗು ಬಂದದ್ದು ನಿಜ. ಆದರೆ ತಲೆ ತಗ್ಗಿಸಿದಾಗ ಮೇಜಿನ ಕೆಳಗೆ ಇವಳ ಪಾದ ಕಂಡಿತು. ಹವಾಯಿ ಚಪ್ಪಲಿ, ಬೆಳ್ಳಿ ಕಾಲುಂಗುರ, ಗಿರಣಿಗೂ ಬೇಕರಿಗೂ ನನಗೋಸ್ಕರ ಅಲೆದು ಒಡೆದ ಹಿಮ್ಮಡಿ. ಇವಳ ಅಪ್ಪನ ಕಾಲು ನೆನಪಾಯಿತು. ನನಗೆ ಸಿಕ್ಕಾಪಟ್ಟೆ ಭಯವಾಯಿತು. ನನ್ನ ಸ್ವಂತ ರಿಪೋರ್ಟ್ ನೋಡಿದಾಗ ಇದರಲ್ಲಿ ಕಾಲು ಭಾಗವೂ ಆಗಿರಲಿಲ್ಲ.

"ಇವರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಮ್ಮಾ," ಅಂದರು ಡಾಕ್ಟರು. "ಮೂರು ತಿಂಗಳು ಕಂಟ್ರೋಲ್. ಮುಖ್ಯವಾಗಿ, ಏನನ್ನೂ ಖಾಲಿ ಮಾಡಬೇಡಿ."

ಮನೆಗೆ ಬಂದ ಕೂಡಲೇ ನಾನು ಸ್ಟೂಲ್ ಹಾಕಿ ಹತ್ತಿ ಮೇಲಿನ ಶೆಲ್ಫು ಜಾಲಾಡಿದೆ. ಇವಳು ಕೆಳಗೆ ನಿಂತು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟಳು. ಅಧಿಕಾರ ಹಸ್ತಾಂತರ ಆದ ಹಾಗೆ. ಅರ್ಧ ತೆರೆದ ಬಿಸ್ಕತ್ತು ಒಂದು, ತೆರೆಯದ್ದು ಎರಡು, ತಳದಲ್ಲಿ ಒಂದು ಜ್ಯೂಸ್ ಡಬ್ಬ ಉಳಿದಿದ್ದವು. ಇನ್ನು ಇವನ್ನು ನಾನೂ ತಿನ್ನುವಂತಿಲ್ಲ, ಇವಳೂ ತಿನ್ನುವಂತಿಲ್ಲ.

"ಕಸಕ್ಕೆ ಹಾಕ್ತೀನಿ," ಅಂದೆ.

"ಹೊಟ್ಟೆ ಉರಿಯುತ್ತೆ ರೀ," ಅಂದಳು. "ಮೇಲಿನ ಹುಡುಗನಿಗಾದ್ರೂ ಕೊಡಿ. ಚಿಕ್ಕ ವಯಸ್ಸು, ಅರಗಿಸ್ಕೋತಾನೆ."

ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಹತ್ತಿ ಬಾಗಿಲು ಬಡಿದೆ. ಹುಡುಗ ಚೀಲ ತೆಗೆದುಕೊಂಡ. ಒಂದು ಬಿಸ್ಕತ್ತಿನ ಪೊಟ್ಟಣ ಹೊರಗೆ ತೆಗೆದ. ಮುಂಭಾಗ ನೋಡಲೇ ಇಲ್ಲ. ನೇರವಾಗಿ ಹಿಂದಕ್ಕೆ ತಿರುಗಿಸಿ, ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು, ಸಾವಕಾಶವಾಗಿ ಓದಿದ. ಓದಿ ಮುಗಿಸಿ ಚೀಲದೊಳಗೆ ಹಾಕಿ ವಾಪಸ್ ನನ್ನ ಕೈಗೇ ಕೊಟ್ಟ.

"ಬ್ಯಾಡ್ರಿ ಅಂಕಲ್, ಇದ್ರಾಗ ಬರೇ ಮೈದಾ ಅದರಿ. ಆಂಟಿಗೆ ಕೊಡ್ರಿ. ನಾ ತಂದು ಓದಿ ವಲ್ಲೆ ಅಂದಾವೆಲ್ಲಾ ಇಷ್ಟ್ ದಿನ ಅವರೇ ತಿಂದಾರ್ರಿ."